ಬದಲಿ ಕಂಡಕ್ಟರ್

ಫೋನಿನಲ್ಲಿ ಸೋದರತ್ತೆಗೆ ಹೇಳಿದೆ:
ನಮ್ಮ ಆರ್ಕೆಸ್ಟ್ರಾಕ್ಕೆ ಚೀನಾದ ಹುಡುಗಿಯೊಬ್ಬಳು
ಬದಲಿ ಕಂಡಕ್ಟರಾಗಿ ಬಂದಿದ್ದಾಳೆ.
‘ಯಾವ ರೂಟು?’ ಅಂದಳು ಅತ್ತೆ,
ಹರಿಹರದ ಡಿಪೋದಲ್ಲಿ ಮೂವತ್ತು ವರ್ಷ
ಟಿಕೆಟ್ಟಿನ ಲೆಕ್ಕ ಬರೆದವಳು.

ನಕ್ಕೆ. ಆಮೇಲೆ ನಗು ನಿಂತಿತು.
ರೂಟು ಹೇಳಬಹುದಿತ್ತು:
ವೂಹೂ, ಶಾಂಘೈ, ವೈಮಾರ್, ಮ್ಯಾಂಚೆಸ್ಟರ್, ಈಗ ಈ ಹಲ್.
ನಡುವೆ ಸ್ಪರ್ಧೆಗಳ ಸ್ಟಾಪು ಏಳು;
ಒಂದರಲ್ಲಿ ಮೂರನೆಯ ಬಹುಮಾನ,
ಒಂದರಲ್ಲಿ ತೀರ್ಪುಗಾರರ ಚೀಟಿ:
‘ಕೈ ಶುದ್ಧ. ಒಳಗೆ ಯಾರಿದ್ದಾರೋ ತಿಳಿಯಲಿಲ್ಲ.’

ಲುವೋ ಯೀಝೆನ್, ಇಪ್ಪತ್ತೊಂಬತ್ತು.
ಸ್ಪ್ರಿಂಗ್ ಬ್ಯಾಂಕ್ ರಸ್ತೆಯ ಲಾಂಡ್ರಿಯ ಮೇಲೆ ಬಾಡಿಗೆ ಕೋಣೆ.
ಪಿಟೀಲಿನವನಿಗೆ ಪಿಟೀಲಿದೆ, ಕಹಳೆಯವನಿಗೆ ಕಹಳೆ,
ಇವಳ ವಾದ್ಯ ಎಂಬತ್ತು ಜನ;
ಮನೆಗೆ ಒಯ್ಯುವಂತಿಲ್ಲ.
ಕಪಾಟಿನ ಕನ್ನಡಿಯೆದುರು ಗಾಳಿಗೆ ಪಾಠ ಹೇಳುತ್ತಾಳೆ.
ಕೆಳಗೆ ಒಗೆಯುವ ಯಂತ್ರಗಳು ನಾಲ್ಕರಲ್ಲಿ ತಿರುಗುತ್ತವೆ,
ಅದರ ಮೇಲೆ ಮೂರನ್ನು ಹಿಡಿಯುವುದೇ
ದಿನದ ಸಾಧಕವಂತೆ.

ನಾನು ಸ್ವರಪುಟಗಳ ಕೋಣೆಯವಳು.
ಸ್ಟ್ಯಾಂಡು ಸ್ಟ್ಯಾಂಡಿಗೆ ಹಾಳೆ ಹಂಚಿ, ಕಚೇರಿ ಮುಗಿದ ಮೇಲೆ
ಪೆನ್ಸಿಲ್ ಗುರುತು ಅಳಿಸುವುದು ನನ್ನ ಉದ್ಯೋಗ.
ಅವಳ ಉದ್ಯೋಗ ಸಿದ್ಧವಾಗಿರುವುದು.
ಹನ್ನೆರಡನೆಯ ಸಾಲು, ಅಂಚಿನ ಕುರ್ಚಿ,
ತೊಡೆಯ ಮೇಲೆ ಇಡೀ ಸಿಂಫೊನಿ,
ಚೀಲದಲ್ಲಿ ಇಸ್ತ್ರಿ ಮಾಡಿದ ಕಪ್ಪು ಕೋಟು,
ದೊಡ್ಡವರಿಗೆ ಜ್ವರ ಬಂದರೆ ಎಂದು.
ಬರಲಿ ಎಂದು ಬಯಸುವಂತಿಲ್ಲ,
ಬಾರದು ಎಂದು ಮಲಗುವಂತಿಲ್ಲ.

ಜನವರಿ ಬಂತೋ, ಅವಳ ಫೋನಿಗೆ ಜೀವ.
ಕಾರ್ಡಿಫ್, ಲೀಡ್ಸ್, ದೂರದ ಪರ್ತ್ ಕೂಡ:
ಚೀನೀ ಹೊಸವರ್ಷದ ಕಚೇರಿ, ಲಾಂದ್ರ, ಡ್ರ್ಯಾಗನ್,
ದಯವಿಟ್ಟು ಕೆಂಪು ಉಡುಪು.
ಫೆಬ್ರುವರಿ ಕಳೆದರೆ ಊರುಗಳೆಲ್ಲ ಕಿವುಡು.
‘ಅಕ್ಟೋಬರಿನಲ್ಲೂ ನಾನು ಬದುಕಿರುತ್ತೇನೆ’
ಅಂದಳು ಒಮ್ಮೆ, ಚಹಾದ ಲೋಟಕ್ಕೆ, ನನಗಲ್ಲ.

ಅಪ್ಪ ವೂಹೂ ಬಂದರಿನಲ್ಲಿ, ಮೇಲಿನ ಕ್ರೇನಿನವನಿಗೆ
ಕೆಳಗೆ ನಿಂತು ಕೈಸನ್ನೆ ಮಾಡುವ ಕೆಲಸದವ.
ಬೆರಳು ತಿರುವಿದರೆ ಏಳು, ಅಂಗೈ ಚಾಚಿದರೆ ನಿಲ್ಲು,
ಹೆಬ್ಬೆರಳು ತೋರುಬೆರಳು ಹತ್ತಿರ ತಂದರೆ
ಒಂದು ಕೂದಲೆಳೆ, ಇನ್ನೊಂದು ಕೂದಲೆಳೆ.
ಹನ್ನೆರಡು ಟನ್ ಕಬ್ಬಿಣ ಬೆಕ್ಕಿನ ಹಾಗೆ ಇಳಿಯುತ್ತಿತ್ತಂತೆ.
ಈ ಎಡಗೈ ಯಾವ ಶಾಲೆಯದು, ಕೇಳಿದರಂತೆ ವೈಮಾರಿನ ಗುರು.
ಯಾವುದೋ ಸಂಗೀತಶಾಲೆಯ ಹೆಸರು ಹೇಳಿಬಿಟ್ಟಳಂತೆ.
ಆ ಸುಳ್ಳು ಇನ್ನೂ ಚುಚ್ಚುತ್ತದಂತೆ.

ಮೊನ್ನೆ ಶುಕ್ರವಾರ ಹಿಮ. ಡಾಂಕಾಸ್ಟರಿನಲ್ಲಿ ರೈಲು ನಿಂತು
ದೊಡ್ಡವರು ಅಲ್ಲೇ. ಮಧ್ಯಾಹ್ನದ ತಾಲೀಮಿಗೆ
ಮ್ಯಾನೇಜರು ಹನ್ನೆರಡನೆಯ ಸಾಲಿನತ್ತ ನೋಡಿದ.
ಹತ್ತಿದಳು. ಕೋಟಿಲ್ಲ; ಸ್ವೆಟರಿನ ತೋಳು ಮಡಚಿ.
ಎರಡನೆಯ ಭಾಗ, ಕ್ಲಾರಿನೆಟ್ ಒಂಟಿಯಾಗುವ ಜಾಗ.
ಅಲ್ಲಿ ಎಲ್ಲರೂ ಅವಸರಿಸುತ್ತಾರೆ, ಊಟದ ಗಂಟೆ ಕೇಳಿದವರಂತೆ.
ಅವಳು ಎಡಗೈಯ ಎರಡು ಬೆರಳು ಹತ್ತಿರ ತಂದಳು.
ಮುದುಕ ಸಟ್‌ಕ್ಲಿಫ್ ಉಸಿರು ಹಿಡಿದು ಕಾದ.
ಖಾಲಿ ಕುರ್ಚಿಗಳೂ ಕಾದವು.

ಏಳೂ ಹತ್ತಕ್ಕೆ ಟ್ಯಾಕ್ಸಿಯಿಂದ ಇಳಿದರು ದೊಡ್ಡವರು,
ಮಫ್ಲರಿನ ಮೇಲೆ ಹಿಮ, ಬಾಯಲ್ಲಿ ಕ್ಷಮೆ.
ಅವಳು ಹನ್ನೆರಡನೆಯ ಸಾಲಿಗೆ.
ಎರಡನೆಯ ಭಾಗ ಬಂತು. ಕೋಲು ಮುಂದೆ ಓಡಿತು,
ಸಟ್‌ಕ್ಲಿಫ್ ಓಡಲಿಲ್ಲ.
ಅವನ ಹಿಂದೆ ಕೊಂಬುಗಳು, ಆಮೇಲೆ ಚೆಲ್ಲೋಗಳು;
ಕೋಲು ಒಂದು ಕ್ಷಣ ತಬ್ಬಿಬ್ಬಾಗಿ, ಜೊತೆಗೆ ನಡೆಯಿತು.
ಮರುದಿನದ ಪತ್ರಿಕೆ ದೊಡ್ಡವರ ಸಂಯಮವನ್ನು ಹೊಗಳಿತು.

ಬಾಗಿಲ ಸಂದಿಯಿಂದ ನಾನು ಕಂಡದ್ದು ಇಷ್ಟು:
ಕತ್ತಲಲ್ಲಿ, ಮುಚ್ಚಿದ ಸ್ಕೋರಿನ ಮೇಲೆ,
ಅಲುಗದೆ ಕೂತ ಎಡಗೈ.

ಇವತ್ತು ಹಾಳೆ ಅಳಿಸುತ್ತಿದ್ದೇನೆ.
ಕ್ಲಾರಿನೆಟ್ಟಿನ ಪುಟದಲ್ಲಿ ಮುದುಕನ ಪೆನ್ಸಿಲ್: ‘ಯೀ. ತಡಿ.’
ರಬ್ಬರು ಅಲ್ಲಿಗೆ ಬಂದು ನಿಂತಿದೆ.
ಜೂನಿಗೆ ಅವಳ ವೀಸಾ ಮುಗಿಯುತ್ತದೆ.
ಬದಲಿಯವರು ಪರ್ಮನೆಂಟ್ ಆಗೋದು ಯಾವಾಗ, ಕೇಳುತ್ತಾಳೆ ಅತ್ತೆ,
ಡಿಪೋದಲ್ಲಿ ಅದಕ್ಕೆ ಇನ್ನೂರ ನಲವತ್ತು ದಿನದ ಲೆಕ್ಕವಿತ್ತು.
ಇಲ್ಲಿಯ ಲೆಕ್ಕ ನನಗೆ ಗೊತ್ತಿಲ್ಲ, ಅತ್ತೆ.
ಒಂದು ಸಲ ಹೋಲ್ಡಾನ್ ಅಂದಳು,
ಎಂಬತ್ತು ಜನರ ಬಸ್ಸು ನಿಂತಿತು,
ಡ್ರೈವರಿಗೆ ತಿಳಿಯಲಿಲ್ಲ.